ಕರೇ ದಡಿಯ ಸೀರೆ, ಎರಡು ಪರದೆ

ಕಳೆದ ದೀಪಾವಳಿಗೆ ತವರಿಗೆ ಬಂದ ಅಕ್ಕ, 1997ರಲ್ಲಿ ನಡೆದ ತನ್ನ ಮದುವೆಯ ಕ್ಯಾಸೆಟ್ಟನ್ನು ಹೊಸ ಟಿ.ವಿ.ಯಲ್ಲಿ ನೋಡೋಣವೆಂದಳು. ಬೆಟಗೇರಿಯ ನಮ್ಮ ಮನೆಗೆ 43 ಇಂಚಿನ ಎಲ್‌ಇಡಿ ಟಿ.ವಿ. ಬಂದು ಆಗ ತಿಂಗಳಷ್ಟೇ ಆಗಿತ್ತು. ಹಳೆಯ ವಿಸಿಆರ್ ಹುಡುಕಿ, ಒರೆಸಿ, ವೈರು ಜೋಡಿಸುವಷ್ಟರಲ್ಲಿ ಸಂಜೆಯಾಯಿತು.

ಮೂಡಿದ ಚಿತ್ರದಲ್ಲಿ ಬೀಗರೆಲ್ಲ ಅಡ್ಡಡ್ಡ ಹಿಗ್ಗಿದ್ದರು. 4:3 ಅಳತೆಯ ಚಿತ್ರವನ್ನು ಟಿ.ವಿ. ತನ್ನ 16:9 ಪರದೆಯ ತುಂಬ ಎಳೆದಿತ್ತು. ಅದನ್ನು ಮೆನುವಿನಲ್ಲಿ ಸರಿಪಡಿಸಿದೆ. ಆದರೆ ಅವ್ವನ ತಕರಾರು ಬೇರೆಯೇ ಇತ್ತು. ನಲವತ್ತು ವರ್ಷ ಕೈಮಗ್ಗದಲ್ಲಿ ಕೂತ ಅವಳು, ಅಕ್ಕ ಧಾರೆಗೆ ಉಟ್ಟ ಆ ಕೆಂಪು ಒಡಲಿನ, ಕರೇ ದಡಿಯ ಸೀರೆಯನ್ನು ತಾನೇ ನೇಯ್ದಿದ್ದಳು.

“ದಡಿಗೆ ಕರೇ ನೂಲು ಹಾಕಿ ನೇಯ್ದೀನಿ. ಇಲ್ಲಿ ಬೂದಿ ಬಣ್ಣ ಯಾಕ ಕಾಣಾಕತ್ತೈತಿ?” ಎಂದಳು.

ವಯಸ್ಸಿನ ಕಣ್ಣು ಎಂದುಕೊಂಡಿದ್ದೆ. ಗೋಡೆಗೆ ಒತ್ತಿದ ಅವಳ ಮಂಚದ ಮೇಲೆ ಕೂತು ನೋಡಿದಾಗ ತಪ್ಪು ನನ್ನದೆಂದು ತಿಳಿಯಿತು. ಆ ಓರೆಯಿಂದ ದಡಿ ಬೂದಿಯಾಗಿತ್ತು, ಕೆಂಪೂ ತೊಳೆದ ಬಟ್ಟೆಯಂತೆ ಪೇಲವವಾಗಿತ್ತು. ನೇರ ಎದುರಿಗೆ ಬಂದರೆ ಬಣ್ಣ ಸುಧಾರಿಸುತ್ತಿತ್ತು, ಆದರೆ ಕಪ್ಪು ಮಾತ್ರ ಅಲ್ಲಿಂದಲೂ ಪೂರ್ತಿ ಕಪ್ಪಾಗಿರಲಿಲ್ಲ.

ಹಾಗಾಗಿ ಅಟ್ಟದಲ್ಲಿದ್ದ 21 ಇಂಚಿನ ಹಳೆಯ ಟ್ಯೂಬ್ ಟಿ.ವಿ.ಯನ್ನು ಭಾವನೂ ನಾನೂ ಸೇರಿ ಇಳಿಸಿದೆವು. ಅದರ ಭಾರವೆಲ್ಲ ಮುಂದಿನ ಗಾಜಿನಲ್ಲೇ ಇರುವುದರಿಂದ ಗಾಜನ್ನು ಎದೆಗೆ ಆನಿಸಿಕೊಂಡೇ ಹೊರಬೇಕು. ಸ್ವಿಚ್ ಒತ್ತಿದಾಗ ‘ಢಂ’ ಎಂದು ಹಳೆಯ ಸದ್ದೇ ಬಂತು, ಆದರೆ ಬಲ ಮೂಲೆಯಲ್ಲಿ ನೇರಳೆ ಬಣ್ಣದ ಕಲೆಯೊಂದು ಕೂತಿತ್ತು. ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಹೆದರಬ್ಯಾಡ್ರಿ ಸರ್, ಬಂದ್ ಮಾಡಿ ಅರ್ಧಾ ತಾಸು ಬಿಟ್ಟು ಚಾಲೂ ಮಾಡ್ರಿ. ಹಿಂದಿನ ಮುಚ್ಚಳಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ.”

ಗಾಜಿನ ಹಿಂದೆ ಸಣ್ಣ ತೂತುಗಳ ಲೋಹದ ತಗಡೊಂದಿರುತ್ತದೆ. ಅದಕ್ಕೆ ಕಾಂತತ್ವ ಹತ್ತಿದರೆ ಎಲೆಕ್ಟ್ರಾನುಗಳು ದಾರಿ ತಪ್ಪಿ ಬೇರೆ ಬಣ್ಣದ ಚುಕ್ಕೆಗೆ ಬಡಿಯುತ್ತವೆ. ಚಾಲೂ ಮಾಡಿದಾಗಿನ ಆ ‘ಢಂ’ ಸದ್ದು, ಟ್ಯೂಬಿನ ಸುತ್ತಲಿನ ತಂತಿಯ ಸುರುಳಿ ಕಾಂತತ್ವವನ್ನು ಅಳಿಸುವ ಸದ್ದು. ಸುರುಳಿಯ ಜೊತೆಗಿರುವ ಬಿಡಿಭಾಗ ಆರಿದ ಮೇಲೆಯೇ ಅದು ಮತ್ತೆ ಪೂರ್ಣ ಬಲದಿಂದ ಕೆಲಸ ಮಾಡುತ್ತದೆ. ಮುಚ್ಚಳದ ಎಚ್ಚರಿಕೆಗೂ ಕಾರಣವಿತ್ತು: ಅಂಥ ಟ್ಯೂಬಿಗೆ ಸುಮಾರು 25,000 ವೋಲ್ಟ್ ಹರಿಯುತ್ತದೆ, ಬಂದ್ ಮಾಡಿದ ಮೇಲೂ ಒಂದಷ್ಟು ಉಳಿದಿರಬಹುದು. ಮೂರನೆಯ ಸಲಕ್ಕೆ ಕಲೆ ಹೋಯಿತು.

ಕ್ಯಾಸೆಟ್ ಮತ್ತೆ ಓಡಿತು, ದಡಿ ಕಪ್ಪಾಯಿತು. ಯಾಕೆ ಹೀಗೆ ಎಂದು ಅವ್ವ ಕೇಳಿದಾಗ ಅವಳದೇ ಮಗ್ಗದ ಮಾತಿನಲ್ಲಿ ಹೇಳಿದೆ. ಹಳೆಯ ಟ್ಯೂಬಿನಲ್ಲಿ ಲಾಳಿ ಓಡಿದಂತೆ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಗೆರೆಯ ಮೇಲೆ ಗೆರೆ ಹಾಕುತ್ತ ಇಳಿಯುತ್ತದೆ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ನಡುವೆ ಬಿಟ್ಟ ಗೆರೆಗಳು. ಒಂದು ಚಿತ್ರಕ್ಕೆ 625 ಗೆರೆಯಂತೆ ಸೆಕೆಂಡಿಗೆ 25 ಚಿತ್ರ. ಕಪ್ಪು ಬೇಕಾದ ಕಡೆ ಕಿರಣವೇ ನಿಲ್ಲುವುದರಿಂದ ಅಲ್ಲಿ ಬೆಳಕು ಹುಟ್ಟುವುದೇ ಇಲ್ಲ. ಹೊಸದರಲ್ಲಿ ಪರದೆಯ ಹಿಂದೆ ಎಲ್‌ಇಡಿ ದೀಪ ಸದಾ ಉರಿಯುತ್ತಿರುತ್ತದೆ, ಮುಂದಿನ ದ್ರವಸ್ಫಟಿಕಗಳು ಕಿಟಕಿ ಮುಚ್ಚಿದಂತೆ ಅದನ್ನು ತಡೆಯುತ್ತವೆ. ಸಂದಿಯಲ್ಲಿ ಸೋರುವ ಬೆಳಕೇ ಆ ಬೂದಿ ಬಣ್ಣ. ಪ್ರತಿ ಚುಕ್ಕೆಯೂ ತಾನೇ ಉರಿದು ತಾನೇ ಆರುವ ಓಎಲ್‌ಇಡಿ ಪರದೆಗಳಲ್ಲಿ ಈ ತೊಂದರೆಯಿಲ್ಲ, ಆದರೆ ಅವುಗಳ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಮುಖಗಳಲ್ಲೂ ವ್ಯತ್ಯಾಸವಿತ್ತು. ಹೊಸ ಪರದೆಯ 20 ಲಕ್ಷಕ್ಕೂ ಮಿಕ್ಕ ಚುಕ್ಕೆಗಳನ್ನು ತುಂಬುವಷ್ಟು ವಿವರ ಕ್ಯಾಸೆಟ್ಟಿನಲ್ಲಿರಲಿಲ್ಲ, ಇಲ್ಲದ್ದನ್ನು ಟಿ.ವಿ. ಅಂದಾಜಿನ ಮೇಲೆ ತುಂಬಿದ್ದರಿಂದ ಎಲ್ಲರ ಮುಖವೂ ಮೇಣ ಸವರಿದಂತೆ ಕಾಣುತ್ತಿತ್ತು. ಹಳೆಯ ಚಿತ್ರಕ್ಕೆ ಹಳೆಯ ಗಾಜೇ ಸರಿ ಎಂದು ನಾನು ಹೇಳುವುದು ಹಳೆಯದರ ಮೇಲಿನ ಮೋಹದಿಂದಲ್ಲ. ಅದೇ ಹೊಸ ಪರದೆಯಲ್ಲಿ ವಾರ್ತೆಯ ಕೆಳಗೆ ಓಡುವ ಅಕ್ಷರಗಳನ್ನು ಅವ್ವ ಕನ್ನಡಕವಿಲ್ಲದೆ ಓದುತ್ತಾಳೆ. ಹಳೆಯದರಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು.

ಅಷ್ಟರಲ್ಲಿ ಅವ್ವ ಟ್ರಂಕಿನಿಂದ ಒಂದು ಗೇಣಿನ ತುಂಡು ತಂದಳು. ಆ ಸೀರೆಯ ಜೊತೆಗೇ ನೇಯ್ದು ಉಳಿದದ್ದು. ಅದನ್ನು ಹೊಸ ಪರದೆಯ ಪಕ್ಕಕ್ಕೆ ಹಿಡಿದು, “ಕೆಂಪು ಬಾಳ ಕೂಗತೈತಿ” ಎಂದಳು. ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ಇಟ್ಟ ‘ವಿವಿಡ್’ ಹೊಂದಿಕೆಯೇ ಇನ್ನೂ ಉಳಿದಿತ್ತು. ಅದನ್ನು ‘ಮೂವಿ’ಗೆ ಬದಲಿಸಿ ಹಿಂದಿನ ದೀಪವನ್ನು ಅರ್ಧಕ್ಕೆ ಇಳಿಸಿದೆ. ಕೆಂಪು ತುಂಡಿನ ಕೆಂಪಿಗೆ ಹತ್ತಿರ ಬಂತು, ಕಪ್ಪೂ ಒಂದಿಷ್ಟು ಗಟ್ಟಿಯಾಯಿತು. ಮಂಚವನ್ನು ಪರದೆಯ ಎದುರಿಗೆ ಸರಿಸಿದೆವು. ತಿಂಗಳ ಹಿಂದೆಯೇ ಮಾಡಬೇಕಿದ್ದ ಕೆಲಸವದು.

ಮರುದಿನ ಬಾಗಿಲಿಗೆ ಬಂದ ಗುಜರಿಯವನು ಹಳೆಯ ಟಿ.ವಿ.ಗೆ ಇನ್ನೂರು ರೂಪಾಯಿ ಕೊಡುತ್ತೇನೆಂದ. ಒಳಗಿನ ತಾಮ್ರಕ್ಕಾಗಿ ಟ್ಯೂಬಿನ ಕತ್ತನ್ನು ಒಡೆದು, ಸೀಸವಿರುವ ಗಾಜನ್ನು ಎಲ್ಲೆಂದರಲ್ಲಿ ಸುರಿಯುವುದನ್ನು ನಾನು ಕಂಡವನು; ಕೊಡಲಿಲ್ಲ. ಅದೀಗ ವಿಸಿಆರ್ ಜೊತೆಗೆ ಒಳಕೋಣೆಯಲ್ಲಿದೆ. ಆ ಸಂಜೆ ಅವ್ವ ಅದರ ಗಾಜಿಗೂ ತುಂಡನ್ನು ಹಿಡಿದು ನೋಡಿದ್ದಳು. ಅಂಚಿನಲ್ಲಿ ಬಿಚ್ಚಿದ್ದ ಕರೇ ಎಳೆಗಳು ಒಂದೊಂದಾಗಿ ಎದ್ದು ಗಾಜಿನ ಕಡೆಗೆ ಬಾಗಿದವು. ಅವ್ವ ಕೈ ತೆಗೆಯಲಿಲ್ಲ.