ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ ಅಂತ ಕೇಳುವವರಿಗೆ

ನಮ್ಮ ಮನೆಯಲ್ಲಿ ಒಂದು ಕ್ಯಾರವಾನ್ ಇದೆ. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ್ದು. ಒಳಗೆ ಮಲಗಲು ಜಾಗ, ಸಣ್ಣ ಅಡುಗೆಕಟ್ಟೆ, ಕಮೋಡ್ ಇರುವ ಪುಟ್ಟ ಬಾತ್‌ರೂಮು. ಶಿರಸಿ ಹತ್ತಿರದ ನಮ್ಮ ಹಳ್ಳಿಯ ಅಂಗಳಕ್ಕೆ ಅದು ಬಂದು ನಿಂತ ದಿನದಿಂದ ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ವರ್ಷಕ್ಕೆ ಎಷ್ಟು ಸಲ ಹೋಗ್ತೀರಿ?" ಡೈರಿಗೆ ಹಾಲು ಹಾಕಲು ಹೋದಾಗ ಕೇಳುತ್ತಾರೆ. ಟಯರಿಗೆ ಗಾಳಿ ಹೊಡೆಸುವಾಗ ಕೇಳುತ್ತಾರೆ. ಹಲ್ಲು ಕೀಳಿಸಲು ಬಾಯಿ ತೆರೆದು ಕೂತಿದ್ದಾಗ ಡಾಕ್ಟರೂ ಕೇಳಿದರು. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟೇ. ಮಳೆಗಾಲದಲ್ಲಿ ಹೋಗುವುದಿಲ್ಲ. ಅಡಕೆ ಕೊಯ್ಲಿನಲ್ಲಿ ಅಪರೂಪ. ಉಳಿದ ತಿಂಗಳುಗಳಲ್ಲಿ ಆದಾಗ ಹೋಗುತ್ತೇವೆ. ಒಂದೆರಡು ರಾತ್ರಿ ಉಳಿದು ಬರುವುದೇ ಜಾಸ್ತಿ. ದೂರದ ಪ್ರವಾಸ ಕೆಲವು ವರ್ಷ ಆಗುತ್ತದೆ, ಕೆಲವು ವರ್ಷ ಆಗುವುದಿಲ್ಲ.

ಇಲ್ಲಿಗೆ ಮಾತು ಮುಗಿಯಬೇಕು, ಅಲ್ವಾ? ಮುಗಿಯುವುದಿಲ್ಲ. ಯಾಕೆಂದರೆ ಕೇಳುವವರಿಗೆ ಬೇಕಾದ್ದು ನಮ್ಮ ಪ್ರವಾಸದ ಸುದ್ದಿ ಅಲ್ಲ. ಹಾಕಿದ ದುಡ್ಡು ಹುಟ್ಟಿತೋ ಇಲ್ಲವೋ ಅನ್ನುವ ಲೆಕ್ಕ.

ಒಂದು ಬೇಸಿಗೆಯಲ್ಲಿ ಯಲ್ಲಾಪುರದ ಕಡೆ ಉಪನಯನಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಎದುರು ಸಾಲಿನಿಂದ ದೂರದ ಸಂಬಂಧದ ಮಾವ ಒಬ್ಬರು ಕೂಗಿ ಕೇಳಿದರು. "ತಮಾ, ಗಾಡಿ ಇನ್ನೂ ಅಂಗಳದಲ್ಲೇ ಇದ್ದಾ?" ಇದೆ ಎಂದೆ. ಮಾವ ಅನ್ನ ಕಲಸುತ್ತಲೇ ಲೆಕ್ಕ ಶುರು ಮಾಡಿದರು. ಗಾಡಿಗೆ ಇಷ್ಟು. ಇನ್ಶೂರೆನ್ಸ್ ಇಷ್ಟು. ಡೀಸೆಲ್ ಇಷ್ಟು. ಗೋಕರ್ಣದಲ್ಲಿ ಒಳ್ಳೆಯ ರೂಮಿಗೆ ಇಷ್ಟು. ಭಾಗಿಸಿ, ಕೂಡಿಸಿ, ನಾವು ಸಾಯುವ ತನಕ ಲಾಡ್ಜಿನಲ್ಲೇ ಇರಬಹುದಿತ್ತು ಎಂದು ತೀರ್ಪು ಕೊಟ್ಟರು. ಹೋಳಿಗೆ ಬಡಿಸಲು ಬಂದವನು ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ. ಅವನಿಗೂ ಉತ್ತರ ಬೇಕಿತ್ತು.

ನಾನು ಮಾವನಿಗೆ ತಿರುಗಿ ಕೇಳಿದೆ. ನಿಮ್ಮ ಮನೆಯ ಅಟ್ಟದ ಮೇಲೆ ದೊಡ್ಡ ದೊಡ್ಡ ತಾಮ್ರದ ಹಂಡೆಗಳಿವೆಯಲ್ಲ, ಅವು ವರ್ಷಕ್ಕೆ ಎಷ್ಟು ಸಲ ಕೆಳಗೆ ಇಳಿಯುತ್ತವೆ? ಮದುವೆ-ಮುಂಜಿ ಬಂದರೆ ಇಳಿಯುತ್ತವೆ. ಬಾರದಿದ್ದರೆ ಇಲ್ಲ. ಯಾರಾದರೂ ಭಾಗಿಸಿ ನೋಡಿದ್ದಾರಾ? ಮಾವ ನಕ್ಕರು. ನಾನು ನಗಲಿಲ್ಲ. ನಿಜಕ್ಕೂ ಕೇಳಿದ್ದೆ.

ಮೊದಲು ನಮ್ಮ ಕಡೆಯ ವರ್ಷ ಹೇಗೆ ನಡೆಯುತ್ತದೆ ನೋಡಿ. ಜೂನ್ ಹತ್ತಿರ ಬಂತೆಂದರೆ ಅಡಕೆ ತೋಟಕ್ಕೆ ಕೊಳೆರೋಗ ಬಾರದ ಹಾಗೆ ಕೊಳೆಮದ್ದು ಹೊಡೆಸಬೇಕು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್, ಅದೇ ಬೋರ್ಡೋ ದ್ರಾವಣ. 40–45 ದಿನ ಬಿಟ್ಟು ಇನ್ನೊಮ್ಮೆ. ಅದಕ್ಕೂ ಮಳೆ ಬಿಡುವು ಕೊಡಬೇಕು. ಕೊನೆಕೊಯ್ಲು, ಅಂದರೆ ಅಡಕೆ ಗೊನೆ ಇಳಿಸುವುದು, ನವೆಂಬರ್ ಹೊತ್ತಿಗೆ ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಫೆಬ್ರವರಿ ಮುಗಿಯುತ್ತದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಬರುತ್ತೇನೆಂದು ಹೇಳಿದ ದಿನ ಮನೆಯಲ್ಲಿ ಇರಲೇಬೇಕು. ಅವನು ಬಾರದೇ ಹೋದ ದಿನವೂ ಇರಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ. ಆಗ ಮನೆ ತುಂಬ ನೆಂಟರು, ಹೊರಡುವ ಮಾತೇ ಇಲ್ಲ. ಇವೆಲ್ಲದರ ನಡುವೆ ಉಳಿದ ದಿನಗಳು ನಮ್ಮವು.

ಮಳೆಗಾಲದಲ್ಲಿ ಗಾಡಿ "ಸುಮ್ನೆ ನಿಂತಿದೆ" ಅನ್ನುತ್ತಾರೆ. ಸುಮ್ನೆ ನಿಲ್ಲುವುದಿಲ್ಲ. ಘಟ್ಟದ ಮೇಲಿನ ನಮ್ಮ ತೇವದಲ್ಲಿ ಹಾಸಿಗೆಗೆ, ಪರದೆಗೆ, ಪ್ಲೈವುಡ್ ಸಂದಿಗೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ಕೂಡಲೇ ಬಾಗಿಲು ತೆರೆದು ಗಾಳಿ ಆಡಿಸಬೇಕು. ಮಾಡಿನ ಕೆಳಗೆ ನಿಂತ ಗಾಡಿಯ ಸೋಲಾರ್ ಪ್ಯಾನೆಲ್ ಏನೂ ಕೊಡುವುದಿಲ್ಲ. ಲೆಡ್-ಆಸಿಡ್ ಬ್ಯಾಟರಿಯನ್ನು ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿ ಸಾಯುತ್ತದೆ, ಅದಕ್ಕೆ ಆಗಾಗ ಕರೆಂಟು ಕೊಡಬೇಕು. ನಿಂತಲ್ಲೇ ನಿಂತರೆ ಟಯರ್ ಒಂದೇ ಕಡೆ ಚಪ್ಪಟೆಯಾಗುತ್ತದೆ. ಟಯರಿನ ಪಕ್ಕದಲ್ಲಿ ತಯಾರಾದ ವಾರ ಮತ್ತು ವರ್ಷದ 4 ಅಂಕಿ ಇರುತ್ತದೆ. ಓಡದ ಗಾಡಿಯಲ್ಲಿ ಅದನ್ನು ನೋಡುತ್ತಿರಬೇಕು. ಟಯರ್ ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಇನ್ನು ಇಲಿ. ವೈರು ಕಡಿಯುವ ಇಲಿಗೆ ಕ್ಯಾರವಾನ್ ಕಂಡರೆ ಬಹಳ ಪ್ರೀತಿ.

"ಫಾರಿನ್‌ನಲ್ಲಿ ವರ್ಷಪೂರ್ತಿ ತಿರುಗ್ತಾರಲ್ಲ" ಎಂದು ಮೊಬೈಲಿನಲ್ಲಿ ವಿಡಿಯೋ ತೋರಿಸುವವರೂ ಇದ್ದಾರೆ. ಬ್ರಿಟನ್ನಿನ ವಿಷಯ ಹೇಳುತ್ತೇನೆ. ಬರೀ ಖುಷಿಗೆಂದು ಕ್ಯಾರವಾನ್ ಕಟ್ಟಿಸಿ ಊರೂರು ತಿರುಗಿದವರಲ್ಲಿ ಅಲ್ಲಿ ಮೊದಲಿಗರು ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್. 1885ರಲ್ಲಿ ಕುದುರೆ ಎಳೆಯುವ "ವಾಂಡರರ್" ಎಂಬ ಗಾಡಿಯಲ್ಲಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಹೋದದ್ದು ಬೇಸಿಗೆಯಲ್ಲಿ. ಇವತ್ತಿಗೂ ಅಲ್ಲಿನ ಎಷ್ಟೋ ಕ್ಯಾಂಪ್ ಜಾಗಗಳು ಚಳಿಗಾಲಕ್ಕೆ ಮುಚ್ಚಿ ಮಾರ್ಚ್ ಹೊತ್ತಿಗೆ ತೆರೆಯುತ್ತವೆ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯುತ್ತದೆಂದು ಜನ ಟ್ಯಾಂಕು ಖಾಲಿ ಮಾಡಿ ಗಾಡಿ ನಿಲ್ಲಿಸುತ್ತಾರೆ. ಅವರಿಗೆ ಚಳಿ, ನಮಗೆ ಮಳೆ. ವಿಡಿಯೋದಲ್ಲಿ ನಿಂತ ಗಾಡಿಯನ್ನು ಯಾರು ತೋರಿಸುತ್ತಾರೆ?

ನನಗೆ ಬೇಸರವಾಗುವುದು ಲೆಕ್ಕಕ್ಕಲ್ಲ. ಇಷ್ಟು ಜನರಲ್ಲಿ ಒಬ್ಬರೂ ನಮ್ಮ ಅಮ್ಮನ ಬಗ್ಗೆ "ಆಯಿ ಬಂದ್ರಾ?" ಎಂದು ಕೇಳಿಲ್ಲ. ಗಾಡಿ ಬಂದದ್ದೇ ಆಯಿಗಾಗಿ. ಅವಳಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಶಿರಸಿಯಿಂದ ಕಾರವಾರಕ್ಕೆ ಘಟ್ಟ ಇಳಿದು ಮೂರು ತಾಸು ಹಿಡಿಯುತ್ತದೆ. ದಾರಿಯಲ್ಲಿ ಅವಳು ಕೂರಬಹುದಾದ, ಚೊಕ್ಕ ಇರುವ ಒಂದು ಶೌಚಾಲಯ ಸಿಗುತ್ತದೆ ಎಂದು ನಂಬಿ ಹೊರಡುವ ಹಾಗಿಲ್ಲ. ಹಾಗಾಗಿ ಎಲ್ಲಾದರೂ ಹೋಗುವುದಿದ್ದರೆ ಆಯಿ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಿದ್ದಳು. ಸಕ್ಕರೆ ಕಾಯಿಲೆಯವಳು. ನಮಗೆ ಅದು ಗೊತ್ತಾಗಿದ್ದೂ ಒಮ್ಮೆ ತಲೆತಿರುಗಿ ಕೂತ ಮೇಲೆ. ಆಮೇಲೆ "ನಾ ಬತ್ನಿಲ್ಲೆ, ನೀವೇ ಹೋಗಿ ಬನ್ನಿ" ಅನ್ನಲು ಶುರು ಮಾಡಿದಳು. ತವರಿನ ಕಡೆಯ ಮದುವೆಗೂ ಹೋಗುತ್ತಿರಲಿಲ್ಲ.

ಈಗ ಹೋಗುತ್ತಾಳೆ. ಬನವಾಸಿಗೆ ಹೋದಳು. ಇಡಗುಂಜಿಗೆ ಹೋದಳು. ಕಾರವಾರದ ಠಾಗೋರ್ ಬೀಚಿನ ಎದುರು ಗಾಡಿಯ ಬಾಗಿಲಲ್ಲಿ ಕಾಲು ಚಾಚಿ ಕೂತು, ಎರಡು ಲೋಟ ಚಾ ಕುಡಿದಳು. ಎರಡು ಲೋಟ. ಮಾವನ ಲೆಕ್ಕದ ಯಾವ ಸಾಲಿನಲ್ಲಿ ಇದನ್ನು ಹಾಕಬೇಕು ಹೇಳಿ.

ಹಾಗಾದರೆ ಇನ್ನೂ ಜಾಸ್ತಿ ಸಲ ಯಾಕೆ ಹೋಗುವುದಿಲ್ಲ? ಇದನ್ನು ಕೇಳಿ. ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ. ತೋಟ, ಮಳೆ ಬಿಟ್ಟರೆ ನಮ್ಮನ್ನು ತಡೆಯುವುದು ಒಂದೇ. ರಾತ್ರಿ ನಿಲ್ಲಿಸಲು ಜಾಗ ಇಲ್ಲ.

ಜಾಗ ಎಂದರೆ ಬರೀ ಖಾಲಿ ಜಾಗ ಅಲ್ಲ. ಖಾಲಿ ಜಾಗ ಬೇಕಾದಷ್ಟಿದೆ. ಬೀಚಿನ ಹತ್ತಿರ ನಿಲ್ಲಿಸಿದರೆ ನಡುರಾತ್ರಿ ಕಿಟಕಿ ಬಡಿದು ಎಬ್ಬಿಸುತ್ತಾರೆ. ಒಂದು ಕಡೆ ಆಯಿಯನ್ನು ನಿದ್ದೆಯಿಂದ ಎಬ್ಬಿಸಿ ಕೂರಿಸಿ, ಕತ್ತಲಲ್ಲಿ ಜಾಗ ಹುಡುಕಿಕೊಂಡು ಹೋಗಿದ್ದೇವೆ. ಎಬ್ಬಿಸಿದವರ ಮೇಲೆ ಸಿಟ್ಟಿಲ್ಲ. ಎಲ್ಲಿ ನಿಲ್ಲಿಸಬಹುದು ಎಂದು ಕೇಳಿದರೆ ಅವರ ಬಳಿಯೂ ಉತ್ತರ ಇರಲಿಲ್ಲ, ಅದಕ್ಕೆ ಸಿಟ್ಟು.

ರಸ್ತೆ ಬದಿಯಲ್ಲಿ ನಿಲ್ಲಿಸಿ ಅನ್ನುತ್ತೀರಾ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿಯಿತು. ಚಾ ಅಂಗಡಿ, ಅದನ್ನು ನಡೆಸುತ್ತಿದ್ದ ಮನೆಯವರು, ಅಲ್ಲಿ ನಿಂತಿದ್ದ ಗಾಡಿಗಳು ಎಲ್ಲ ಮಣ್ಣಿನ ಜೊತೆ ಹೋದವು. ಒಂದು ಲಾರಿಯನ್ನು ಗಂಗಾವಳಿ ಹೊಳೆಯಿಂದ ಎತ್ತುವಾಗ ಸೆಪ್ಟೆಂಬರ್ ಕೊನೆಯಾಗಿತ್ತು, ಚಾಲಕನ ದೇಹ ಅದರೊಳಗೇ ಇತ್ತು. ಗಾಡಿಯವರು ಮಾಡಿದ್ದು ಇಷ್ಟೇ. ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ಅದಾದ ಮೇಲೆ ಹೆದ್ದಾರಿಗೆಂದು ಕಡಿದ ಗುಡ್ಡದ ಬುಡದಲ್ಲಿ ನಾನು ಗಾಡಿ ನಿಲ್ಲಿಸುವುದಿಲ್ಲ, ಬೇಸಿಗೆಯಲ್ಲೂ.

ಇನ್ನು ನೀರು. ನಮ್ಮ ಟ್ಯಾಂಕು 100 ಲೀಟರ್. ಮನೆಯವರೆಲ್ಲ ಹೋದರೆ, ಹಿಡಿದು ಬಳಸಿದರೂ ಎರಡು ದಿನಕ್ಕೆ ಮುಗಿಯುತ್ತದೆ. ಕಮೋಡಿನ ಕೆಳಗಿನ ಪೆಟ್ಟಿಗೆ 20 ಲೀಟರಿಗೂ ಕಮ್ಮಿ, ಅದೂ ಅಷ್ಟರಲ್ಲಿ ತುಂಬುತ್ತದೆ. ಅದನ್ನು ಸೆಪ್ಟಿಕ್ ಟ್ಯಾಂಕ್ ಇರುವ ಶೌಚಾಲಯದಲ್ಲೇ ಸುರಿಯಬೇಕು. ನಮ್ಮ ಪ್ರವಾಸ ಎಷ್ಟು ಉದ್ದ ಎಂದು ತೀರ್ಮಾನ ಮಾಡುವುದು ಡೀಸೆಲ್ ಅಲ್ಲ, ಆ ಪೆಟ್ಟಿಗೆ. ಎಲ್ಲರೂ ಹೀಗೆ ತೀರ್ಮಾನ ಮಾಡುವುದಿಲ್ಲ. ಕುಮಟಾ ಕಡೆ ಅಘನಾಶಿನಿ ಹೊಳೆಯಂಚಿನಲ್ಲಿ ಗಾಡಿ ನಿಲ್ಲಿಸಿ, ಕೊಳೆ ನೀರಿನ ನಲ್ಲಿ ತಿರುಗಿಸಿ, ಬೆಳಗಾಗುವ ಮೊದಲು ಹೊರಟುಹೋದವರನ್ನು ನೋಡಿದ್ದೇನೆ. ಅಘನಾಶಿನಿ ನಮ್ಮ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಹೊಳೆ. ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ನೀರು ಇಳಿದಾಗ ಹೆಂಗಸರು ಕೆಸರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಅದನ್ನೇ ಮಾರಿ ಮನೆ ನಡೆಸುತ್ತಾರೆ, ಅದನ್ನೇ ಮಕ್ಕಳಿಗೆ ಬಡಿಸುತ್ತಾರೆ. ಆ ನೀರಿಗೆ ನಮ್ಮ ಹೊಲಸು ಬಿಟ್ಟು ಬರುವುದಾದರೆ ಕ್ಯಾರವಾನ್ ಅಂಗಳದಲ್ಲೇ ತುಕ್ಕು ಹಿಡಿಯಲಿ.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ತಂದಿತು, ಮರುವರ್ಷ ವಾಗಮಣ್‌ನಲ್ಲಿ ಪಾರ್ಕ್ ಶುರುವಾಯಿತು. ಒಳ್ಳೆಯದೇ. ಆದರೆ ನನಗೆ ಇಷ್ಟವಾದದ್ದು ಬ್ರಿಟನ್ನಿನ ಸಣ್ಣ ಏರ್ಪಾಟು. ಅಲ್ಲಿನ ಕ್ಯಾರವಾನ್ ಕ್ಲಬ್ 1907ರಷ್ಟು ಹಳೆಯದು. ರೈತರ ಜಮೀನು ನೋಡಿ ಒಪ್ಪಿಗೆಯಾದರೆ ಕ್ಲಬ್ಬೇ ಪ್ರಮಾಣಪತ್ರ ಕೊಡುತ್ತದೆ. ಒಂದು ಸಲಕ್ಕೆ 5 ಗಾಡಿ ಮಾತ್ರ, ಅದೂ ಸದಸ್ಯರದ್ದು. ಕುಡಿಯುವ ನೀರಿನ ನಲ್ಲಿ ಮತ್ತು ಶೌಚದ ಪೆಟ್ಟಿಗೆ ಖಾಲಿ ಮಾಡುವ ಗುಂಡಿ ಇದ್ದರೆ ಮುಖ್ಯವಾದದ್ದು ಇದ್ದಂತೆ. ಕ್ಯಾರವಾನ್ ನಿಲ್ಲುವ ಜಾಗಗಳ ಬಗ್ಗೆ ಇರುವ ಅಲ್ಲಿನ 1960ರ ಕಾಯ್ದೆಯಲ್ಲಿ ಇಂಥ ಕ್ಲಬ್ಬುಗಳಿಗೆ ವಿನಾಯಿತಿ ಇರುವುದರಿಂದ ರೈತ ಪ್ರತ್ಯೇಕ ಲೈಸೆನ್ಸಿಗೆ ಓಡಾಡಬೇಕಾಗಿಲ್ಲ.

ಇದನ್ನು ನಮ್ಮ ಜಿಲ್ಲೆಗೆ ಹಾಕಿ ನೋಡಿ. ಅಡಕೆ ಒಣಗಿಸುವ ಅಂಗಳಗಳು ಕೊಯ್ಲು ಮುಗಿದ ಮೇಲೆ ಖಾಲಿ ಇರುತ್ತವೆ. ಗಟ್ಟಿ ನೆಲ, ಬಾವಿ, ಮನೆಯ ಹಿಂದೆ ಸೆಪ್ಟಿಕ್ ಟ್ಯಾಂಕ್, ಎಲ್ಲವೂ ಇದೆ. ಚೊಕ್ಕ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ ಹೊನ್ನಾವರ ಹತ್ತಿರದ ಕಾಸರಕೋಡಿಗೆ 2020ರಲ್ಲಿ ಬಂತು. ಅಲ್ಲಿಗೆ ಬಂದವರು ರಾತ್ರಿ ಹೊನ್ನಾವರದ ಯಾರದೋ ತೋಟದ ಅಂಗಳದಲ್ಲಿ ನಿಂತು, ಅವರ ಮನೆಯಲ್ಲೇ ಊಟ ಮಾಡಿ, ಕೊಕಂ, ಜೇನು ಕೊಂಡು ಹೋದರೆ ಯಾರಿಗೆ ನಷ್ಟ?

ಕೊನೆಗೆ, ಹಳೇ ಬಸ್ ತಗೊಂಡು ಹೀಗೇ ಮಾಡಿಸಬಹುದಾ ಎಂದು ಕೇಳುವವರಿಗೆ. ಎಲ್ಲೋ ಶೆಡ್ಡಿನಲ್ಲಿ ಸುಮ್ನೆ ಮಾಡಿಸಬೇಡಿ. ಮೋಟಾರ್ ಕ್ಯಾರವಾನಿಗೆ ಎಐಎಸ್-124 ಎಂಬ ಮಾನದಂಡ ಇದೆ. ನೋಂದಣಿಯಾದ ಗಾಡಿಯ ಒಡಲು ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಹಾಕಿ.

ಇದನ್ನು ಓದುತ್ತಿರುವವರಲ್ಲಿ ಕುಮಟಾದಿಂದ ಭಟ್ಕಳದ ನಡುವೆ ಅಂಗಳ ಇರುವವರು ಇದ್ದರೆ ದಯವಿಟ್ಟು ತಿಳಿಸಿ. ಗಾಡಿ ತಿರುಗಿಸುವಷ್ಟು ಜಾಗ, ಒಂದು ನಲ್ಲಿ, ಪೆಟ್ಟಿಗೆ ಖಾಲಿ ಮಾಡಲು ಒಂದು ಶೌಚಾಲಯ ಸಾಕು. ರಾತ್ರಿಗೆ ಇಷ್ಟು ಎಂದು ಹೇಳಿ, ಕೊಡುತ್ತೇವೆ. ನಿಂತ ಜಾಗವನ್ನು ಗುಡಿಸಿಯೇ ಹೊರಡುತ್ತೇವೆ. ಆಯಿ ಮುರುಡೇಶ್ವರ ನೋಡಬೇಕು ಅನ್ನುತ್ತಿದ್ದಾಳೆ. ದಸರೆ ಕಳೆದು ಕೊಯ್ಲು ಶುರುವಾಗುವ ಮೊದಲು ನಮಗೆ ಬಿಡುವಿದೆ.