ಕಲ್ಲಿನ ಕಸುಬಿನ ಊರು

ನಮ್ಮ ಕಡೆ ಯಾವ ಊರಿನ ಹುಟ್ಟು ಕೇಳಿದರೂ ಮಾತು ಪಾಳೆಯಗಾರರ ಕಾಲಕ್ಕೆ, ತೀರಾ ಹಿಂದೆ ಹೋದರೆ ವಿಜಯನಗರಕ್ಕೆ ಹೋಗಿ ನಿಲ್ಲುತ್ತದೆ. ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಆ ಲೆಕ್ಕ ಸಾಲದು. ಊರಾಚೆಯ ಗುಡ್ಡಗಳ ಮೇಲೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಜನ ದನ ಕಟ್ಟಿಕೊಂಡು ನೆಲೆ ನಿಂತಿದ್ದರು. ನಿವೃತ್ತ ಮೇಷ್ಟರಾದ ನಮ್ಮ ಚಿಕ್ಕಪ್ಪ ಇದನ್ನು ಎಷ್ಟೋ ಸಲ ಹೇಳಿದ್ದರು. ನಾನು ಗುಡ್ಡ ಹತ್ತಿದ್ದು ಈ ಚಳಿಗಾಲದಲ್ಲಿ, ಅದೂ ಅವರ ಒತ್ತಾಯಕ್ಕೆ. ಬಳ್ಳಾರಿಯ ಚಳಿಗಾಲವೆಂದರೆ ಹನ್ನೊಂದಕ್ಕೆಲ್ಲ ನೆತ್ತಿ ಸುಡುತ್ತದೆ.

ಮೊದಲು ಸನ್ನರಾಚಮ್ಮನ ಗುಡ್ಡ. ಮೇಲೆ ಬೂದಿ ಬೆರೆತ ಮಣ್ಣು. ಈ ಸೀಮೆಯಲ್ಲಿ ಬೂದಿದಿಬ್ಬಗಳು ಹಲವಿವೆ; ಕುಡತಿನಿಯದಂತೂ ಹೆಸರುವಾಸಿ. ಜನ ಇವುಗಳನ್ನು ಸತ್ತ ರಾಕ್ಷಸರ ಬೂದಿ ಎಂದು ನಂಬಿದ್ದರು. ಅಗೆದು ನೋಡಿದವರು ಕಂಡುಕೊಂಡದ್ದು ಸಗಣಿಯ ಬೂದಿ. ತಲೆಮಾರುಗಳ ಕಾಲ ದೊಡ್ಡಿಯಲ್ಲಿ ಬಿದ್ದ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದಾರೆ. ರಾಕ್ಷಸರಿಗಿಂತ ನನಗೆ ಇದೇ ಹೆಚ್ಚು ವಿಚಿತ್ರವೆನಿಸಿತು. ಹೊಲಕ್ಕೆ ಹಾಕಬೇಕಾದ ಗೊಬ್ಬರವನ್ನು ಯಾವ ರೈತ ಸುಡುತ್ತಾನೆ? ಅದು ಹಬ್ಬವೋ ಹರಕೆಯೋ ಇದ್ದೀತು.

ಅವರು ಬರೀ ದನಗಾಹಿಗಳಲ್ಲ, ಬೇಸಾಯವನ್ನೂ ಮಾಡಿದವರು. ಸುಟ್ಟು ಕರಕಲಾದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಮೆಣಸಿನಕಾಯಿ ಈ ದೇಶಕ್ಕೆ ಬರಲು ಇನ್ನೂ ಸಾವಿರಾರು ವರ್ಷ ಬಾಕಿ ಇತ್ತು. ಮಿರ್ಚಿ ಇಲ್ಲದ ಬಳ್ಳಾರಿಯನ್ನು ಚಿಕ್ಕಪ್ಪ ಒಪ್ಪುವುದೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿರೇಗುಡ್ಡ. ಕಪ್ಪಗಲ್ಲು ಗುಡ್ಡ ಎಂದು ಹೆಸರಾದದ್ದೂ ಇದೇ. ನಸುಗೆಂಪು ಕಣಶಿಲೆಯ, ಅಂದರೆ ಗ್ರಾನೈಟಿನ ನಡುವೆ ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಆ ಕಲ್ಲಿಗಾಗಿಯೇ ಇಲ್ಲಿ ಕೊಡಲಿ ಮಾಡುವ ಕಸುಬು ಬೆಳೆಯಿತು. ಕಾಲಿಟ್ಟಲ್ಲೆಲ್ಲ ಚಕ್ಕೆಗಳು, ಅರ್ಧಕ್ಕೇ ಕೈಬಿಟ್ಟ ತುಂಡುಗಳು. ಬಂಡೆಗಳಲ್ಲಿ ಕೊಡಲಿಯ ಬಾಯಿ ತಿಕ್ಕಿ ತಿಕ್ಕಿ ಆದ ಗುಳಿಗಳಿವೆ. ಒಂದರಲ್ಲಿ ಅಂಗೈ ಇಟ್ಟೆ, ಸಾಣೆ ಹಿಡಿದ ನೆಲದಂತೆ ನುಣುಪು. ಮನೆಮಂದಿಗೆ ಬೇಕಾದ ನಾಲ್ಕು ಕೊಡಲಿಗೆ ಇಷ್ಟೊಂದು ಚಕ್ಕೆ ಬೀಳುವುದಿಲ್ಲ. ಇದು ಹೊರಗಿನವರಿಗಾಗಿ ನಡೆದ ಕಾರ್ಖಾನೆಯೇ ಸರಿ. ‘ಶಿಲಾಯುಗ’ ಎಂದೊಡನೆ ಗುಹೆ, ತೊಗಲುಬಟ್ಟೆ ತೋರಿಸುವ ಪಠ್ಯಪುಸ್ತಕಗಳ ಮೇಲೆ ನನಗೆ ಅಲ್ಲೇ ಸಿಟ್ಟು ಬಂತು.

ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕರಿಬಂಡೆಗಳ ಕಡೆಗೆ ಕರೆದೊಯ್ದರು. ಉದ್ದ ಕೊಂಬಿನ, ಡುಬ್ಬದ ಎತ್ತುಗಳು, ಸಾಲಾಗಿ ನಿಂತ ಮನುಷ್ಯರು, ಎಲ್ಲವೂ ಕಲ್ಲಿನಿಂದ ಕುಟ್ಟಿ ಮೂಡಿಸಿದವು. 1892ರಲ್ಲಿಯೇ ಫಾಸೆಟ್ ಎಂಬವರು ಇವುಗಳ ಬಗ್ಗೆ ಬರೆದಿದ್ದರು. “ಇಲ್ಲಿ ಬಡಿಯಿರಿ ಅಕ್ಕಾ” ಎಂದು ಹಿರಿಯರು ಗುಂಡುಕಲ್ಲು ಕೊಟ್ಟರು. ಬಂಡೆಯಲ್ಲಿ ಹಳೆಯ ಏಟುಗಳಿಂದಾದ ಕುಳಿಯಿತ್ತು. ಮೆಲ್ಲಗೆ ತಟ್ಟಿದೆ. ಕಲ್ಲಿನ ಸದ್ದಲ್ಲ, ಗಂಟೆಯ ನಾದ! ಇಲ್ಲಿ ಅಧ್ಯಯನ ನಡೆಸಿದ ಪುರಾತತ್ವಜ್ಞರಾದ ರವಿ ಕೋರಿಶೆಟ್ಟರ್, ನಿಕೋಲ್ ಬೊವಾನ್ ಮೊದಲಾದವರು ಈ ನಾದವನ್ನೂ ಆ ಜನರ ಬದುಕಿನ ಭಾಗವೆಂದೇ ಎಣಿಸಿದ್ದಾರೆ.

ಗುಡ್ಡದ ಇನ್ನೊಂದು ಮಗ್ಗುಲು ಕಲ್ಲುಗಣಿಗೆ ತುತ್ತಾಗಿದೆ. ಇಲ್ಲಿ ಸಿಕ್ಕ ವಸ್ತುಗಳಿಗಾಗಿ ಬಳ್ಳಾರಿಯಲ್ಲಿ ಬ್ರಿಟಿಷ್ ಕಾಲದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯವಿದೆ, ಒಳ್ಳೆಯದೇ. ಗುಡ್ಡವನ್ನು ಎತ್ತಿ ಅಲ್ಲಿಡಲಾಗದು.

ಇಳಿಯುವಾಗ ಚಿಕ್ಕಪ್ಪ ಚಕ್ಕೆಯೊಂದನ್ನು ಹೆಕ್ಕಿಕೊಂಡು, “ಮಕ್ಕಳಿಗೆ ತೋರಿಸಲು ಒಯ್ಯಲೇ?” ಎಂದು ಕೇಳಿದರು.

“ಒಯ್ಯಿರಿ ಸರ್. ಲಾರಿಗಟ್ಟಲೆ ಹೋಗಿದೆ, ನಿಮ್ಮ ಜೇಬಿನದು ಯಾವ ಲೆಕ್ಕ?” ಎಂದರು ಹಿರಿಯರು.

ಚಿಕ್ಕಪ್ಪ ಚಕ್ಕೆಯನ್ನು ಅಲ್ಲೇ ಇಟ್ಟರು. ಆಟೊ ಬರುವವರೆಗೂ ಮಾತನಾಡಲಿಲ್ಲ.