ಅಮ್ಮನ ಸೀರೆಗೆ ಕತ್ತರಿ ಹಾಕೋಕೆ ಮನಸ್ಸು ಹೇಗೆ ಬರುತ್ತೆ?

ನಾನು ಹಾಕಿರುವ ಕುರ್ತಾ ಹಳೇ ಸೀರೆಯದು ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಇದು. ನೆಂಟರು ಕೇಳುತ್ತಾರೆ, ಆಫೀಸಿನಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಕೆಲವರಿಗೆ ಕುತೂಹಲ. ಕೆಲವರ ದನಿಯಲ್ಲಿ ಬೇಸರವೂ ಇರುತ್ತದೆ, ಆ ಬೇಸರ ನನಗೆ ಅರ್ಥವಾಗುತ್ತದೆ. ಇದು ಮದುವೆಗೆ ಕೊಟ್ಟದ್ದು, ಇದು ಬಾಣಂತನಕ್ಕೆ ತವರಿನಿಂದ ಬಂದದ್ದು, ಇದು ಗೃಹಪ್ರವೇಶಕ್ಕೆ ಉಟ್ಟದ್ದು ಅಂತ ನಮ್ಮ ಮನೆಗಳಲ್ಲಿ ಒಂದೊಂದು ಸೀರೆಗೂ ಒಂದು ನೆನಪು ಅಂಟಿಕೊಂಡಿರುತ್ತದೆ. ಅದರ ಮೇಲೆ ಕತ್ತರಿ ಆಡಿಸುವುದು ಅಂದರೆ ಯಾರಿಗಾದರೂ ಕೈ ತಡೆಯುತ್ತದೆ.

ನನ್ನ ಉತ್ತರ ಇಷ್ಟು. ಉಡೋಕೆ ಆಗುವ ಸೀರೆಗೆ ನಾನು ಕತ್ತರಿ ಹಾಕುವುದಿಲ್ಲ. ಉಡೋಕೆ ಆಗದೆ ಬೀರುವಿನ ತಳ ಸೇರಿದ್ದಕ್ಕೆ ಧೈರ್ಯವಾಗಿ ಹಾಕುತ್ತೇನೆ. ಯಾಕೆಂದರೆ ಬೀರುವಿನಲ್ಲಿಟ್ಟರೆ ಸೀರೆ ಉಳಿಯುತ್ತದೆ ಅನ್ನುವ ನಂಬಿಕೆ ಪೂರ್ತಿ ನಿಜವಲ್ಲ.

ಒಂದೇ ಮಡಿಕೆಯಲ್ಲಿ ವರ್ಷಾನುಗಟ್ಟಲೆ ಇಟ್ಟ ರೇಷ್ಮೆ ಸೀರೆ ಬಿಚ್ಚಿ ನೋಡಿ. ಮಡಿಕೆ ಬಿದ್ದ ಗೆರೆಯಲ್ಲೇ ಬಟ್ಟೆ ಸೀಳಲು ಶುರುವಾಗಿರುತ್ತದೆ. ಜರಿ ಇರುವ ಕಡೆ ಇನ್ನೂ ಬೇಗ. ಲೋಹದ ಎಳೆ ಗಟ್ಟಿ, ಪಕ್ಕದ ರೇಷ್ಮೆ ಎಳೆ ಮೃದು, ಮಡಚಿದ ಜಾಗದಲ್ಲಿ ಎರಡೂ ಉಜ್ಜಾಡುತ್ತವೆ. ಹತ್ತಿ ಸೀರೆಗೆ ಗಂಜಿ ಹಾಕಿಟ್ಟರೆ ಬೆಳ್ಳಿಮೀನು ಹುಳ ಬರುತ್ತದೆ, ಗಂಜಿ ತಿನ್ನುತ್ತಾ ಬಟ್ಟೆಯನ್ನೂ ತಿನ್ನುತ್ತದೆ. ಹಾಗಾಗಿ ಎತ್ತಿಡಲೇಬೇಕಾದ ಸೀರೆ ಇದ್ದರೆ ಗಂಜಿ ತೆಗೆದು ಒಗೆದು, ಪೂರ್ತಿ ಒಣಗಿಸಿ, ಹಳೇ ಪಂಚೆಯಲ್ಲಿ ಸುತ್ತಿಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಬೇರೆ ಮಡಿಕೆ ಹಾಕಿ. ಇಷ್ಟು ಮಾಡೋಕೆ ಪುರುಸೊತ್ತಿಲ್ಲ ಅನ್ನುವವರು, ಆ ಸೀರೆಯನ್ನು ಉಡಿ. ಉಡೋಕೂ ಆಗದಿದ್ದರೆ ಆಗ ಕತ್ತರಿಯ ಮಾತು.

ಇದೇನು ಹೊಸ ಫ್ಯಾಷನ್ನೂ ಅಲ್ಲ. ಹುಟ್ಟಿದ ಕೂಸಿಗೆ ನಮ್ಮಲ್ಲಿ ಮೊದಲು ಸುತ್ತುವುದು ಹಳೇ ಹತ್ತಿ ಸೀರೆ ಅಥವಾ ಪಂಚೆ. ನೂರಾರು ಸಲ ಒಗೆದು ಮೆತ್ತಗಾದ ಬಟ್ಟೆಯಷ್ಟು ಹಿತ ಹೊಸ ಬಟ್ಟೆಯಲ್ಲಿ ಸಿಗುವುದಿಲ್ಲ. ಅಮ್ಮನ ಸೀರೆ ಮಗಳ ಲಂಗವಾಗುತ್ತಿತ್ತು. ಆ ಲಂಗದ ಕೆಳಗೆ ಎರಡು ಮೂರು ಅಡ್ಡ ಮಡಿಕೆ ಹೊಲಿದಿಡುತ್ತಿದ್ದರು. ಹುಡುಗಿ ಬೆಳೆದ ಹಾಗೆ ವರ್ಷಕ್ಕೊಂದು ಬಿಚ್ಚುವುದು, ಲಂಗ ಅಷ್ಟು ಉದ್ದವಾಗುವುದು. ಬಿಚ್ಚಿದ ಜಾಗದಲ್ಲಿ ಬಣ್ಣ ಗಾಢವಾಗಿ ಪಟ್ಟಿಯ ಹಾಗೆ ಕಾಣುತ್ತಿತ್ತು, ಅದನ್ನು ಮುಚ್ಚೋಕೆ ಒಂದು ಲೇಸು. ಇನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆಯೆಲ್ಲ ಕೌದಿಗೆ, ಅಂದರೆ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಹೊದಿಕೆಗೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ, ತುಂಡು ಸೇರಿಸುತ್ತಾ ಸುತ್ತು ಹೊಲಿದುಕೊಂಡು ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಬಟ್ಟೆಯದೇ ಹೂವು. ಪೆನ್ಸಿಲ್ಲಿನ ಗೆರೆ ಇಲ್ಲ, ನಕ್ಷೆ ಇಲ್ಲ. ಕೈಯಲ್ಲಿರುವ ತುಂಡು ಯಾವುದೋ ಅದರ ಪ್ರಕಾರ ಮುಂದಿನ ತುಂಡು. ಬಟ್ಟೆ ನೋಡಿ ಕೆಲಸ ಶುರು ಮಾಡುವುದು ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವವರಿಲ್ಲ.

ಹೆಚ್ಚಿನವರು ಇಲ್ಲೇ ಉಲ್ಟಾ ಮಾಡುವುದು. ಮೊಬೈಲಿನಲ್ಲಿ ಒಂದು ಡ್ರೆಸ್ ನೋಡಿ, ಅದೇ ಥರ ಬೇಕು ಅಂತ ಸೀರೆ ಹಿಡಿದು ಟೈಲರ್ ಹತ್ತಿರ ಓಡುತ್ತಾರೆ. ಹಳೇ ಬಟ್ಟೆ ಅದಕ್ಕೆ ತಡೆಯುತ್ತದಾ ಅಂತ ಯಾರೂ ನೋಡುವುದಿಲ್ಲ. ಎರಡು ಒಗೆತಕ್ಕೆ ಕಂಕುಳಲ್ಲಿ ಪಿಸಿದರೆ ಸೀರೆಯೂ ಹೋಯಿತು, ಹೊಲಿಗೆ ದುಡ್ಡೂ ಹೋಯಿತು.

ಮೊದಲು ಸೀರೆಯನ್ನು ಬೆಳಕಿಗೆ ಹಿಡಿಯಿರಿ. ಮಹಡಿಯ ತಂತಿಯ ಮೇಲೆ ಹರವಿ ಬೆಳಗಿನ ಬಿಸಿಲಿಗೆ ಎದುರಾಗಿ ನೋಡಿದರೆ ಸವೆದ ಜಾಗವೆಲ್ಲ ಜಾಲರಿಯ ಹಾಗೆ ಕಾಣಿಸುತ್ತದೆ. ಸಾಮಾನ್ಯವಾಗಿ ಕೂರುವ ಜಾಗ ತೆಳ್ಳಗಾಗಿರುತ್ತದೆ. ಭುಜದ ಹತ್ತಿರ ಪಿನ್ನಿನ ತೂತುಗಳಿರುತ್ತವೆ. ಕಾಲ ಬಳಿಯ ಅಂಚು ಜೂಲು ಜೂಲಾಗಿರುತ್ತದೆ. ಒಳಗೆ ಸಿಕ್ಕಿಸುವ ಮೊದಲ ಸುತ್ತು ಹೆಚ್ಚಾಗಿ ಗಟ್ಟಿಯಾಗೇ ಇರುತ್ತದೆ. ಆಮೇಲೆ ಅನುಮಾನ ಬಂದ ಕಡೆ ಎರಡು ಹೆಬ್ಬೆರಳು ಒತ್ತಿ ಹಿಡಿದು ಮೆಲ್ಲಗೆ ಎಳೆಯಿರಿ, ಹಾಸಿನ (ಉದ್ದ ಎಳೆಯ) ಕಡೆಗೂ ಹೊಕ್ಕಿನ (ಅಡ್ಡ ಎಳೆಯ) ಕಡೆಗೂ. ಪರ್ ಅಂತ ಸದ್ದು ಬಂದರೆ ಅದು ಲಡ್ಡಾಗಿದೆ. ಅಲ್ಲಿಂದ ಕುರ್ತಾದ ಬೆನ್ನು ಬರಕೂಡದು. ಸಣ್ಣ ಸೀಮೆಸುಣ್ಣದಲ್ಲಿ ಅಂಥ ಜಾಗಕ್ಕೆಲ್ಲ ಸುತ್ತು ಹಾಕಿಕೊಂಡು ಹೋಗಿ. ಉಳಿದದ್ದು ನಿಮ್ಮ ಬಟ್ಟೆ. ಅದು ಎಷ್ಟು ಉಳಿಯಿತು ಅನ್ನುವುದರ ಮೇಲೆ ಕುರ್ತಾನೋ, ತೋಳಿಲ್ಲದ ಟಾಪೋ, ಮಕ್ಕಳ ಫ್ರಾಕೋ, ದಿಂಬಿನ ಚೀಲವೋ ಅಂತ ನಿರ್ಧಾರ.

ಫಾಲ್ಸ್ ಬಿಚ್ಚುವಾಗ ಒಂದು ನಿಮಿಷ ನಿಲ್ಲಿ. ಅದರ ಅಡಿಯಲ್ಲಿ ಅಷ್ಟು ವರ್ಷ ಬಿಸಿಲು ಕಾಣದ ಬಟ್ಟೆ ಇದೆ. ಅಂಗಡಿಯಲ್ಲಿ ಕೊಂಡ ದಿನದ ಬಣ್ಣ ಅಲ್ಲೇ ಕಾಣುವುದು. ಪಕ್ಕದ ಒಡಲು ಅದೆಷ್ಟು ಮಾಸಿದೆ ಅಂತಲೂ ಆಗಲೇ ಗೊತ್ತಾಗುವುದು. ಬಿಚ್ಚಿದ ಫಾಲ್ಸನ್ನು ಬಿಸಾಡಬೇಡಿ. ಅದು ಹತ್ತಿಯದಾಗಿದ್ದರೆ ಎಷ್ಟು ಕುಗ್ಗಬೇಕೋ ಅಷ್ಟು ಆಗಲೇ ಕುಗ್ಗಿರುತ್ತದೆ, ಬಣ್ಣವೂ ಸೀರೆಗೆ ಹೊಂದುತ್ತದೆ. ಕುತ್ತಿಗೆಯ ಒಳಪಟ್ಟಿಗೆ, ಕೆಳಗಿನ ಮಡಿಕೆಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಈಗ ಕುರ್ತಾ. ಸೀರೆಯ ಅಂಚು ಉದ್ದಕ್ಕೂ ಓಡುತ್ತದೆ, ಆದರೆ ಕುರ್ತಾದಲ್ಲಿ ಅದು ಕೆಳತುದಿಗೆ ಬಂದರೆ ಚಂದ. ಹಾಗೆ ಬರಬೇಕಾದರೆ ಬಟ್ಟೆಯನ್ನು ಅಡ್ಡಲಾಗಿ ಹಾಸಿಕೊಳ್ಳಬೇಕು. ಸೀರೆಯ ಪನ್ನ, ಅಂದರೆ ಅಗಲ, ಸುಮಾರು 45 ಇಂಚು. ಅಂದರೆ ಅಂಚನ್ನು ಕೆಳಗೆ ಇಟ್ಟು ಭುಜವನ್ನು ಎದುರಿನ ಅಂಚಿನ ಕಡೆ ಇಟ್ಟರೆ ಮಂಡಿಯ ತನಕ ಬರುವ ಕುರ್ತಾದ ಉದ್ದ ತಾನಾಗಿ ಸಿಗುತ್ತದೆ, ಕೆಳಗೆ ಮಡಚುವ ಕೆಲಸವೂ ಇಲ್ಲ. ನೇಕಾರರು ಮುಗಿಸಿಕೊಟ್ಟ ಅಂಚೇ ಕುರ್ತಾದ ಅಂಚು. ಮುಂದಿನ ಭಾಗ 24 ಇಂಚು, ಹಿಂದಿನದು 24 ಇಂಚು ಅಂತ ಹಿಡಿದರೆ ಒಂದೂಕಾಲು ಮೀಟರಿನಲ್ಲಿ ಮೈ ಮುಗಿಯಿತು. ತೋಳಿಗೆ ಇನ್ನೊಂದು ಅರ್ಧ ಮೀಟರ್. ಐದೂವರೆ ಮೀಟರಿನ ಸೀರೆಯಲ್ಲಿ ಸವೆದದ್ದನ್ನೆಲ್ಲ ಬಿಟ್ಟರೂ ದಿನಾ ಹಾಕುವ ಒಂದು ಕುರ್ತಾ ಆರಾಮಾಗಿ ಆಗುತ್ತದೆ. ಎರಡಾದರೂ ಆಗಬಹುದು.

ಹಳೇ ಬಟ್ಟೆಗೆ ಕೆಲವು ಹೊಲಿಗೆಯ ನಿಯಮ ಬೇರೆ. ಮೈಗೆ ಅಂಟಿದ ಹಾಗೆ ಹೊಲಿಯಬಾರದು, ಸಡಿಲ ಇರಬೇಕು. ಕಂಕುಳು ಇನ್ನೂ ಸಡಿಲ. ಹೊಲಿಗೆ ತೀರಾ ಸಣ್ಣದಾಗಿ ಹಾಕಿದರೆ ಸೂಜಿ ಹತ್ತಿರ ಹತ್ತಿರ ತೂತು ಮಾಡಿ ಬಟ್ಟೆ ಆ ಗೆರೆಯಲ್ಲೇ ಹರಿಯುತ್ತದೆ, ಆದ್ದರಿಂದ ಸ್ವಲ್ಪ ದೊಡ್ಡ ಹೊಲಿಗೆ. ತೆಳು ಬಟ್ಟೆಗೆ 11 ನಂಬರಿನ ಸೂಜಿ, ಅದೂ ಹೊಸದು. ಭುಜ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಒಳಗಿನಿಂದ ಇನ್ನೊಂದು ಪದರ ಕೊಡಿ, ಜಗ್ಗಾಟವೆಲ್ಲ ಬೀಳುವುದು ಅಲ್ಲಿ. ಪಕ್ಕದ ಸೀಳು ಶುರುವಾಗುವ ಜಾಗಕ್ಕೆ ಒಂದು ಸಣ್ಣ ಚೌಕ ತುಂಡು ಇಟ್ಟು ಹೊಲಿಯಿರಿ. ಜೇಬು ಮಾತ್ರ ಬೇಡ ಅನ್ನಬೇಡಿ. ಹೆಂಗಸರ ಬಟ್ಟೆಗೆ ಜೇಬಿಲ್ಲ ಅನ್ನುವ ಗೋಳು ನಾವೇ ಹೊಲಿಯುವಾಗಲಾದರೂ ತೀರಬೇಕು. ಆದರೆ ಜೇಬಿನ ಭಾರ ಹಳೇ ಬಟ್ಟೆಯ ಮೇಲೆ ಬೀಳದ ಹಾಗೆ, ಪಕ್ಕದ ಹೊಲಿಗೆಯಲ್ಲಿ ಗಟ್ಟಿ ಹತ್ತಿ ಬಟ್ಟೆಯ ಜೇಬು ಇಡಿಸಿ.

ಇನ್ನು ನಾನು ಕತ್ತರಿಸದೇ ಇರುವುದರ ಬಗ್ಗೆ ಹೇಳಬೇಕು. ಇಳಕಲ್ ಸೀರೆಯ ಸೆರಗು ಅದರಲ್ಲಿ ಮೊದಲನೆಯದು. ನನ್ನ ಅಮ್ಮನ ಬಳಿ ಇದ್ದ ಇಳಕಲ್‌ಗಳೆಲ್ಲ ಹತ್ತಿಯ ಒಡಲಿನವು, ಕೆಂಪು ರೇಷ್ಮೆಯ ಸೆರಗಿನವು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಯುವ ಮುಂಚೆ ಒಂದೊಂದು ಎಳೆಗೂ ಇನ್ನೊಂದು ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹಾಸು ಹೊಸದಾಗಿ ತಯಾರಾಗಬೇಕು. ಸೀರೆಯನ್ನು ತಿರುಗಿಸಿ, ಸೆರಗು ಶುರುವಾಗುವ ಕಡೆ ಬೆರಳಾಡಿಸಿ ನೋಡಿ. ಹತ್ತಿಯ ಎಳೆ ನಿಂತು ರೇಷ್ಮೆಯ ಎಳೆ ಶುರುವಾಗುವ ಸಣ್ಣ ಏಣು ಕೈಗೆ ಸಿಗುತ್ತದೆ. ಆ ಗೆರೆಗೆ ಅಡ್ಡಲಾಗಿ ಕತ್ತರಿ ಬಿದ್ದರೆ ಅಷ್ಟು ಜನರ ಕೈಕೆಲಸ ಬಿಚ್ಚಿಕೊಳ್ಳುತ್ತದೆ. ನನ್ನ ಕೈಗೆ ಬಂದ ಇಳಕಲ್‌ಗಳಲ್ಲಿ ಒಡಲು ಸವೆದು ಹೋಗಿದ್ದರೂ ಸೆರಗು ಚೆನ್ನಾಗಿರುತ್ತದೆ. ಆಗ ಕೊಂಡಿಯಿಂದ ಒಂದು ಗೇಣು ಒಡಲು ಬಿಟ್ಟು ಕತ್ತರಿಸಿ, ಸೆರಗನ್ನು ಪೂರ್ತಿಯಾಗಿ ಹೊದಿಯುವ ದುಪಟ್ಟಾ ಮಾಡಿಕೊಳ್ಳುತ್ತೇನೆ. ಸೆರಗನ್ನು ತುಂಡು ಮಾಡಿ ಬ್ಯಾಗು ಹೊಲಿಯುವುದನ್ನು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಕೈ ಕಸೂತಿ ಇರುವ ಬಟ್ಟೆಗೂ ಅಷ್ಟೇ ಜಾಗ್ರತೆ ಬೇಕು. ಗವಂತಿ, ಮುರಗಿ ಹೊಲಿಗೆ ಎಳೆ ಎಣಿಸಿ ಹಾಕುವಂಥದ್ದು, ಎರಡೂ ಮಗ್ಗುಲು ಒಂದೇ ಥರ ಕಾಣಬೇಕು ಅಂತ ಗಂಟು ಹಾಕುವುದಿಲ್ಲ. ಗಂಟಿಲ್ಲದ ಹೊಲಿಗೆಯ ನಡುವೆ ಕತ್ತರಿಸಿದರೆ ಗೋಪುರ, ತೇರು, ತುಳಸಿಕಟ್ಟೆಯ ಚಿತ್ತಾರ ಒಗೆದ ಹಾಗೆಲ್ಲ ಬಿಚ್ಚುತ್ತಾ ಹೋಗುತ್ತದೆ. ಚಿತ್ತಾರದ ಸುತ್ತ ಜಾಗ ಬಿಟ್ಟು ಮೊದಲು ಒಂದು ಸುತ್ತು ಮಿಷಿನ್ ಹೊಲಿಗೆ ಹಾಕಿ, ಆಮೇಲೆ ಹೊರಗಿನಿಂದ ಕತ್ತರಿಸಿ. ಮೈಸೂರು ರೇಷ್ಮೆಯನ್ನೂ ನಾನು ಮುಟ್ಟುವುದಿಲ್ಲ. ಆ ಕ್ರೇಪ್ ಬಟ್ಟೆ ಜಾರುತ್ತದೆ, ಹಿಗ್ಗುತ್ತದೆ, ದಿನಾ ಒಗೆಯುವ ಬಟ್ಟೆಗೆ ಲಾಯಕ್ಕಲ್ಲ. ಅದನ್ನು ಉಡುವವರಿಗೆ ಕೊಡಿ, ಸಂತೋಷದಿಂದ ಉಡುತ್ತಾರೆ. ಗುಳೇದಗುಡ್ಡದ ಖಣದ ಹಳೇ ಕುಪ್ಪಸ ಅಳತೆಗೆ ಬರುತ್ತಿಲ್ಲ ಅಂದರೆ ಮಾತ್ರ ಖುಷಿಯಿಂದ ಬಿಚ್ಚುತ್ತೇನೆ. ಬೆನ್ನಿನ ಭಾಗ ಸಾದಾ ಹತ್ತಿ ಕುರ್ತಾದ ಎದೆಗೆ ಪಟ್ಟಿಯಾಗಿ ಚೆನ್ನಾಗಿ ಕೂರುತ್ತದೆ.

ಸೀರೆಯೇ ಆಗಬೇಕು ಅಂತಿಲ್ಲ. ಶುರು ಮಾಡುವವರಿಗೆ ನಾನು ಹೇಳುವುದು ಅಪ್ಪನ ಅಥವಾ ಗಂಡನ ಹತ್ತಿ ಶರ್ಟು. ಶರ್ಟು ಮೊದಲು ಸವೆಯುವುದು ಕಾಲರಿನ ಮಡಿಕೆಯಲ್ಲಿ, ಉಳಿದದ್ದೆಲ್ಲ ಗಟ್ಟಿಯಾಗೇ ಇರುತ್ತದೆ. ಹಿಂದೆ ಟೈಲರುಗಳು ಕಾಲರ್ ತಿರುಗಿಸಿ ಕೊಡುತ್ತಿದ್ದರು. ಕಾಲರಿನ ಎಲೆಯನ್ನು, ಅಂದರೆ ಮಡಚಿ ಬೀಳುವ ಭಾಗವನ್ನು, ಕುತ್ತಿಗೆ ಸುತ್ತುವ ಪಟ್ಟಿಯಿಂದ ಬಿಚ್ಚಿ, ಸವೆದ ಮಗ್ಗುಲು ಒಳಗೆ ಹಾಕಿ ಮತ್ತೆ ಅದೇ ಪಟ್ಟಿಗೆ ಸಿಕ್ಕಿಸಿ ಹೊಲಿಯುವುದು. ತುದಿಯಲ್ಲಿ ಗುಂಡಿಯ ತೂತಿರುವ ಕಾಲರಿಗೆ ಇದು ಸರಿಹೋಗುವುದಿಲ್ಲ, ಉಳಿದದ್ದಕ್ಕೆ ಆಗುತ್ತದೆ. ಇಷ್ಟೂ ಬೇಡ ಅಂದರೆ ಎಲೆಯನ್ನು ಪೂರ್ತಿ ತೆಗೆದುಬಿಡಿ, ಪಟ್ಟಿಯ ಬಾಯಿ ಮುಚ್ಚಿ ಹೊಲಿಯಿರಿ. ನಿಂತ ಕಾಲರಿನ ಶರ್ಟು ಆಯಿತು. ಕೈ ಮಡಚಿ ಹಾಕಿಕೊಂಡರೆ ಪ್ಯಾಂಟಿನ ಮೇಲೆ, ಲಂಗದ ಮೇಲೆ, ಎಲ್ಲದಕ್ಕೂ ಒಪ್ಪುತ್ತದೆ. ಮಿಷಿನ್ ಇಲ್ಲದವರೂ ಇದನ್ನು ಒಂದು ಮಧ್ಯಾಹ್ನ ಕೈಹೊಲಿಗೆಯಲ್ಲಿ ಮುಗಿಸಬಹುದು. ಒಂದು ಸಲ ಬಿಚ್ಚಿ ನೋಡಿದರೆ ಶರ್ಟು ಹೇಗೆ ಕೂಡಿದೆ ಅನ್ನುವುದೂ ತಿಳಿಯುತ್ತದೆ, ಮುಂದಿನ ಕೆಲಸಕ್ಕೆ ಕೈ ಹೆದರುವುದಿಲ್ಲ.

ಅಮ್ಮಂದಿರು ಇರುವವರು ಒಂದು ಕೆಲಸ ಮಾಡಿ: ಅವರನ್ನೇ ಕೇಳಿ. ನನ್ನ ಅಮ್ಮ ತಾನೇ ತೆಗೆದು ಕೊಟ್ಟ ಸೀರೆಗಳಿವೆ. ‘ಇದು ಬ್ಯಾಡ, ಇದನ್ನ ನಾನು ಇನ್ನೂ ಉಡ್ತೀನಿ’ ಅಂತ ವಾಪಸ್ ಇಟ್ಟುಕೊಂಡವೂ ಇವೆ. ಅವರು ಕೊಡುವಾಗ ಆ ಸೀರೆ ಎಲ್ಲಿ ಕೊಂಡದ್ದು, ಯಾವಾಗ ಉಟ್ಟದ್ದು ಅಂತ ಹೇಳುತ್ತಾರೆ. ಅದನ್ನು ಕೇಳಿಸಿಕೊಳ್ಳೋಕೆ ಸಮಯ ಇಟ್ಟುಕೊಂಡು ಹೋಗಿ. ಅಮ್ಮ ಇಲ್ಲದವರು ಅವಸರ ಮಾಡಬೇಡಿ. ಒಂದು ಸೀರೆಯನ್ನು ಹಾಗೇ ಇಟ್ಟುಕೊಳ್ಳಿ, ಉಳಿದದ್ದರ ವಿಚಾರ ಮನಸ್ಸು ಒಪ್ಪಿದ ಮೇಲೆ.

ಕೊನೆಗೆ ಟೈಲರ್ ವಿಷಯ. ಹಳೇ ಬಟ್ಟೆ ಅಂದ ಕೂಡಲೇ ಕೆಲವರು ಮುಖ ಸಿಂಡರಿಸುತ್ತಾರೆ. ಕೆಲಸ ಜಾಸ್ತಿ, ಹರಿದರೆ ಬೈಗುಳ ಅವರಿಗೆ. ಅದಕ್ಕೇ ಸೀರೆಯನ್ನು ಒಗೆದು, ಇಸ್ತ್ರಿ ಮಾಡಿ, ಫಾಲ್ಸ್ ನೀವೇ ಬಿಚ್ಚಿ, ಸವೆದ ಜಾಗಕ್ಕೆ ಗುರುತು ಹಾಕಿ ತೆಗೆದುಕೊಂಡು ಹೋಗಿ. ನಿಮಗೆ ಸಡಿಲವಾಗಿ ಕೂರುವ ಒಂದು ಕುರ್ತಾವನ್ನು ಅಳತೆಗೆ ಕೊಡಿ. ಅಂಚು ಎಲ್ಲಿ ಬರಬೇಕು ಅಂತ ಬಟ್ಟೆ ಹಾಸಿ ತೋರಿಸಿ. ಹಬ್ಬದ ಮತ್ತು ಮದುವೆಯ ಸೀಸನ್ನಿನಲ್ಲಿ ಹೋಗಬೇಡಿ, ಆಗ ಅವರಿಗೆ ಬ್ಲೌಸ್ ಹೊಲಿದು ಮುಗಿಸುವುದೇ ದೊಡ್ಡದು. ಮಜೂರಿ ಹೊಸ ಬಟ್ಟೆಗಿಂತ ಸ್ವಲ್ಪ ಜಾಸ್ತಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ, ಉಳಿದ ತುಂಡುಗಳನ್ನು ಕೇಳಿ ವಾಪಸ್ ತನ್ನಿ. ಕೌದಿಗೆ ಬೇಕಾಗುತ್ತವೆ.